ತಾಯಿಯ ಪಾಲಿನ ನೀರು

ಶರೀಫಾಳ ಹೆಣವನ್ನು ಖಾಸಿಂಬಿ ಮಗ್ಗುಲಾಗಿಸಿದಾಗ ಮೇಲೆ ಹೊದಿಸಿದ್ದ ದುಪ್ಪಟಿ ಜಾರಿತು. ಬೆನ್ನಿನ ಮೇಲೆ ಬೆಲ್ಟಿನ ಅಗಲದ ಮೂರು ಬರೆಗಳಿದ್ದವು. ಪಕ್ಕೆಯಲ್ಲಿ ಅಂಗೈಯಷ್ಟು ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಖಾಸಿಂಬಿ ದುಪ್ಪಟಿಯನ್ನೆಳೆದು ಮುಚ್ಚಿದಳು.

ಬಾರೆ ಎಲೆ ಹಾಕಿ ಕಾಯಿಸಿದ ನೀರನ್ನು ತರುತ್ತಿದ್ದ ಶರೀಫಾಳ ಅತ್ತೆ ಇಮಾಂಬಿ, ಯಾರೂ ಕೇಳದಿದ್ದರೂ ಹೇಳಿದಳು: "ಫಿಟ್ಸ್ ಬಂದು ಬಚ್ಚಲದಾಗ ಬಿದ್ಲಲ್ಲ, ಕಲ್ಲು ತಾಗೈತಿ."

"ಮೂರು ಸಲ ಬಿದ್ದಾಳೇನು?"

ಇಮಾಂಬಿ ಕೊಳಗ ಇಳಿಸಿ ಹತ್ತಿರ ಬಂದಳು. "ತೊಳಿಯೋರು ಕಂಡಿದ್ದನ್ನ ಹೊರಗ ಆಡಬಾರದು. ನಿನಗ ನಾ ಕಲಿಸಬೇಕೇನು?"

ಕಲಿಸಬೇಕಾಗಿರಲಿಲ್ಲ. ಆದವಾನಿಯ ಆ ಪಿಂಜಾರ ಓಣಿಯಲ್ಲಿ ಸತ್ತ ಹೆಂಗಸರನ್ನು ಮೂವತ್ತು ವರ್ಷದಿಂದ ತೊಳೆದವಳು ಅವಳೇ. ಬೋಳಾದ ತಲೆ, ವಾಸಿಯಾಗದ ಹುಣ್ಣು, ಯಾರಿಗೂ ತಿಳಿಯದ ಬಸಿರು, ಯಾವುದೂ ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ಎಂಟು ವರ್ಷದ ಹಿಂದೆ ಬೇರೊಂದು ಮನೆಯಲ್ಲಿ ಇಂಥದೇ ಒಂದು ಬೆನ್ನನ್ನೂ ತೊಳೆದು, ಕಫನ್ ಬಟ್ಟೆ ಸುತ್ತಿ ಕಳಿಸಿದ್ದಳು. ವರ್ಷದೊಳಗೆ ಆ ಮನೆಗೆ ಇನ್ನೊಬ್ಬ ಸೊಸೆ ಬಂದಳು. ಮದುವೆ ಊಟಕ್ಕೆ ಖಾಸಿಂಬಿಗೂ ಹೇಳಿದ್ದರು. ಹೋಗಿ ಉಂಡು ಬಂದಿದ್ದಳು.

"ಮುಚ್ಚಬೇಕಾದ್ದು ಸತ್ತಾಕಿ ಐಬು. ಇದು ಈಕಿ ಐಬಲ್ಲ," ಎಂದಳು. "ನಾ ಹೊರಗ ಹೇಳಂಗಿಲ್ಲ. ತೊಳಿಯಂಗೂ ಇಲ್ಲ. ಈಕಿ ತಾಯಿ ಬರ್ಲಿ."

"ಹುಸೇನಮ್ಮ ಮದ್ದಿಕೇರದಿಂದ ಬರಾದು ಮಧ್ಯಾಹ್ನ ಆಗತೈತಿ! ಅದ ಹೊತ್ತಿನ ಜೋಹರ್ ನಮಾಜಿಗೆ ಮಣ್ಣು ಮಾಡಬೇಕು. ಕಫನ್ ಸುತ್ತಿದ ಮ್ಯಾಲೆ ಬಂದು ಮಕ ನೋಡ್ತಾಳ."

"ಮಕದಾಗೇನೈತಿ ನೋಡಾಕ?"

"ನಾಳಿಂದ ನಿನ್ನ ಯಾರೂ ಕರೆಯಂಗಿಲ್ಲ, ನೋಡು."

"ಕರೀಬ್ಯಾಡ್ರಿ. ಸತ್ತ ಮ್ಯಾಲೆ ಎದ್ದು ನಿಮ್ಮ ಮೈ ನೀವ ತೊಳಕೋರಿ. ಈಗ ಹೊರಗ ನಡೀರಿ ಇಮಾಂಬಕ್ಕ."

ಅವಳನ್ನು ಹೊಸ್ತಿಲು ದಾಟಿಸಿ ಖಾಸಿಂಬಿ ಒಳಗಿನಿಂದ ಚಿಲಕ ಹಾಕಿದಳು. ಓಣಿಯಲ್ಲಿ ಗಂಡಸರ ದನಿಗಳೆದ್ದವು. ಶರೀಫಾಳ ಗಂಡ ಮೌಲಾಲಿ ಒಮ್ಮೆ ಬಾಗಿಲಿಗೆ ಒದ್ದ. ಕೊನೆಗೆ ಮಸೀದಿಯ ಹಜರತ್ ಕೆಮ್ಮಿ ಕೇಳಿದರು: "ಏನವ್ವಾ ಇದು?"

"ಹಜರತ್, ಮಗಳ್ನ ತೊಳಿಯಾಕ ಮೊದಲ ಹಕ್ಕು ಯಾರ್ದು? ತಾಯಿದೋ, ನಂದೋ?"



"ಹಕ್ಕು ತಾಯಿದ ಐತಿ," ಎಂದರು ಹಜರತ್. "ಆದ್ರ ಮಣ್ಣು ತಡ ಮಾಡಬಾರ್ದವ್ವಾ."

"ಆಕಿ ಬಸ್ಸು ಪತ್ತಿಕೊಂಡ ಊರು ದಾಟೈತಂತ ಫೋನ್ ಬಂದೈತಿ. ಇಷ್ಟ ತಡ ದೇವ್ರು ತಡಕೋತಾನ. ನಿಮ್ಮ ಮಂದಿಗೆ ತಡಕೋ ಅನ್ರಿ."

ಖಾಸಿಂಬಿ ಹೆಣ ಮಲಗಿಸಿದ್ದ ಹಲಗೆಯ ಪಕ್ಕ ಕೂತಳು. ಕೊಳಗದ ನೀರು ಆರಿತು. ಶರೀಫಾಳ ಕೂದಲಿನ ಸಿಕ್ಕನ್ನು ಅವಳು ಬೆರಳಿನಿಂದಲೇ ಒಂದೊಂದಾಗಿ ಬಿಡಿಸಿದಳು. ಎರಡು ಸಲ ಬಾಗಿಲು ಬಡಿದರು. ಅವಳು ಏಳಲಿಲ್ಲ.

ಹುಸೇನಮ್ಮ ಅಳುತ್ತಲೇ ಬಂದಳು. ಖಾಸಿಂಬಿ ಅವಳೊಬ್ಬಳನ್ನೇ ಒಳಗೆ ಬಿಟ್ಟುಕೊಂಡು ಚಿಲಕ ಹಾಕಿ, ಹೆಣ ತಿಕ್ಕುವ ಬಟ್ಟೆಯ ಚೀಲವನ್ನು ಅವಳ ಬಲಗೈಗೆ ತೊಡಿಸತೊಡಗಿದಳು. ಹುಸೇನಮ್ಮ ಕೈ ಹಿಂದೆಗೆದಳು.

"ನನ್ನ ಕೈಲೆ ಆಗಂಗಿಲ್ಲ ತಾಯಿ. ನೀನ ಮುಗಿಸಿಬಿಡು. ನಿನ್ನ ಕಾಲಿಗೆ ಬೀಳ್ತೀನಿ."

"ಆಗತೈತಿ," ಎಂದಳು ಖಾಸಿಂಬಿ. "ಹೆತ್ತ ಕೈ ಅದು. ನಾ ನೀರು ಹಾಕ್ತೀನಿ. ನೀನು ತಿಕ್ಕು."

ಹೊರಗೆ, ಬಚ್ಚಲ ನೀರು ಬೀಳುವ ಗಟಾರದ ಬದಿಯಲ್ಲಿ ಗಂಡಸರು ಹೆಣ ಹೊರುವ ಡೋಲಿ ಇಳಿಸಿ ಕಾಯುತ್ತಿದ್ದರು. ಮೊದಲು ನೀರು ಬಂತು, ಎಲೆಗಳು ಬಂದವು. "ಈಗ ಮಗ್ಗುಲು ಮಾಡು," ಎಂಬ ಖಾಸಿಂಬಿಯ ದನಿ ಕೇಳಿತು. ಮೌಲಾಲಿ ಕಾಲು ಹಿಂದಿಟ್ಟ. ಹರಿವು ತೆಳುವಾಗಿ, ಎಳೆಯಷ್ಟಾಗಿ, ನಿಂತಿತು. ಒಳಗೆ ಅಳುವಿರಲಿಲ್ಲ. ಹಜರತ್ ಬಾಯಲ್ಲಿದ್ದ ದುವಾ ನಿಲ್ಲಿಸಿ ಗಟಾರದ ಕಂಡಿಯನ್ನೇ ನೋಡಿದರು. ಆಮೇಲೆ ಚಿಲಕ ಸರಿಯಿತು.