ಮೂವತ್ತೇಳು ಡಿಗ್ರಿಯ ಕೋಣೆ

1999ರ ಜನವರಿ 5, ಮಂಗಳವಾರ, ಮಧ್ಯಾಹ್ನ ಮೂರೂ ಹತ್ತಕ್ಕೆ ಇಂದಿರಾನಗರದ ಒಂದು ಸಣ್ಣ ಲ್ಯಾಬಿನಲ್ಲಿ ಮಜೀದಾ, ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ, ಬಣ್ಣ ಹತ್ತಿಸಿದ ಜೆಲ್ಲನ್ನು ಬೆಳಕಿಗೆ ಹಿಡಿದಳು. ತಿಂಗಳುಗಟ್ಟಲೆ ಕಾದ ನೀಲಿ ಪಟ್ಟಿ, ಮೇಲಿನ ತಿಳಿ ದ್ರವದ ಸಾಲಿನಲ್ಲೇ ದಪ್ಪಗೆ ಮೂಡಿತ್ತು.

ಮನುಷ್ಯರ ಒಂದು ಕಿಣ್ವದ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಅದರ ಕೈಲಿ ಆ ಪ್ರೋಟೀನು ಮಾಡಿಸುವುದು ಅವಳ ಕೆಲಸ. ಬ್ಯಾಕ್ಟೀರಿಯಾ ಮಾಡುತ್ತಲೇ ಇತ್ತು. ಆದರೆ ಪ್ರೋಟೀನು ಸರಿಯಾಗಿ ಮಡಿಚಿಕೊಳ್ಳದೆ, ಗಂಜಿಯಲ್ಲಿ ಹಿಟ್ಟು ಗಂಟಾದ ಹಾಗೆ ಗಂಟುಗಟ್ಟಿ ತಳ ಸೇರುತ್ತಿತ್ತು. ಮೇಲಿನ ತಿಳಿಯಲ್ಲಿ ಕರಗಿ ನಿಂತರೆ ಮಾತ್ರ ಉಪಯೋಗ. ಈಗ ನಿಂತಿತ್ತು. ಯಾಕೆಂದು ತಿಳಿಯಲಿಲ್ಲ.

"ಯಾಕೆ ಬಂತು ಅಂತ ಹೇಳಮ್ಮ," ಎಂದರು ಲ್ಯಾಬಿನ ಮುಖ್ಯಸ್ಥೆ ಕೋಕಿಲಾ. "ಮುಂದಿನ ಬುಧವಾರ ದುಡ್ಡು ಕೊಡೋ ಕಂಪನಿಯವರು ಬರ್ತಾರೆ. ಕಾರಣ ಇಲ್ದಿದ್ರೆ ಪ್ರಾಜೆಕ್ಟ್ ಮುಚ್ಚಿಬಿಡ್ತಾರೆ."

ಪ್ರಾಜೆಕ್ಟ್ ಮುಚ್ಚಿದರೆ ಮಜೀದಾಳ ಕೆಲಸವೂ ಹೋದಂತೆ.

ರಂಜಾನ್ ತಿಂಗಳು. ಉಪವಾಸ ಬಿಡುವ ಇಫ್ತಾರಿಗೆ ಫ್ರೇಜರ್ ಟೌನಿನ ಮನೆ ಸೇರಬೇಕೆಂದು, ಪ್ರೋಟೀನು ತಯಾರಿ ಶುರುಮಾಡಿಸುವ ರಾಸಾಯನಿಕವನ್ನು ಆ ಬ್ಯಾಚಿಗೆ ಹಗಲಿನ ಬದಲು ಸಂಜೆ ಹಾಕಿ, ರಾತ್ರಿಯಿಡೀ ಶೇಕರ್ ಯಂತ್ರದಲ್ಲಿ ಕುಲುಕಲು ಬಿಟ್ಟು ಹೋಗಿದ್ದಳು. ಹೊತ್ತು ಹೆಚ್ಚು ಸಿಕ್ಕಿದ್ದೇ ಕಾರಣವಿರಬಹುದೆಂದು, ಮತ್ತೊಂದು ಬ್ಯಾಚಿಗೆ ಬೆಳಿಗ್ಗೆ ಬಂದೊಡನೆ ಹಾಕಿ ಹಗಲೆಲ್ಲ ಕುಲುಕಿಸಿದಳು. ಗಂಟು. ಮತ್ತೆ ಸಂಜೆ ಹಾಕಿ ಹೋದಳು. ತಿಳಿ. ಅವೇ ಬ್ಯಾಕ್ಟೀರಿಯಾ, ಅವು ಬೆಳೆಯುವ ಅದೇ ಸಾರು, ಅದೇ ಬಿಸಿ ಕೋಣೆ.

"ನಿಮ್ಮ ಬ್ಯಾಕ್ಟೀರಿಯಾನೂ ರೋಜಾ ಹಿಡ್ದಿರ್ಬೇಕು ಕಣ್ರೀ," ಎಂದ ಪಕ್ಕದ ಮೇಜಿನ ಶ್ರೀಹರಿ. "ಹಗಲು ಕೆಲಸ ಕೆಡಿಸಿ ಸಂಜೆ ಸರಿಹೋಗ್ತವೆ."

"ನಗಬೇಡಿ ಸರ್. ತಲೆ ಕೆಟ್ಟುಹೋಗಿದೆ. ಬೆಳಿಗ್ಗೆ ಮೊದಲು ಬರೋರು ನೀವೇ ಅಲ್ವಾ? ಬಂದು ಏನೇನು ಮಾಡ್ತೀರಿ?"

"ಏನ್ಮಾಡ್ತೀನಿ? ಬೀಗ ತೆಗೀತೀನಿ, ಬಿಸಿ ಕೋಣೆ ಹೀಟರಿನ ಬಟನ್ ಒತ್ತೀನಿ, ಕಾಫಿಗೆ ಹೋಗ್ತೀನಿ."

"ಬಟನ್ ಯಾಕೆ ಒತ್ತಬೇಕು?"

"ಸಂಜೆ ದಿನಾ ಕರೆಂಟ್ ಹೋಗುತ್ತಲ್ಲ. ಶೇಕರ್ ಜನರೇಟರ್ ಮೇಲೆ ಓಡುತ್ತೆ, ಹೀಟರ್ ಓಡಲ್ಲ. ಕರೆಂಟ್ ಬಂದ್ರೂ ತಾನಾಗಿ ಆನ್ ಆಗಲ್ಲ ಅದು. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಅವಳು ಬರುವ ಹೊತ್ತಿಗೆ ಕೋಣೆ ಬಿಸಿಯಾಗಿಯೇ ಇರುತ್ತಿತ್ತು. ಎಲ್ಲರೂ ಹಂಚಿಕೊಂಡ ಕೋಣೆ. ಅಲ್ಲಿ ಸದಾ ಮೂವತ್ತೇಳು ಡಿಗ್ರಿ ಎಂದೇ ಲೆಕ್ಕ. ತಣ್ಣಗಾದರೆ ಬ್ಯಾಕ್ಟೀರಿಯಾ ನಿಧಾನಿಸುತ್ತದೆ, ಪ್ರೋಟೀನಿಗೆ ಮಡಿಚಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಇರಬಹುದು. ಆದರೆ ತಾರಸಿಯ ಮೇಲಿನ ಆ ಶೀಟಿನ ಕೋಣೆ ಅಷ್ಟು ಬೇಗ ತಣ್ಣಗಾಗುತ್ತದೆಯೇ? ಆಗದಿದ್ದರೆ ಬುಧವಾರ ಹೇಳಲು ಏನೂ ಇಲ್ಲ.

ಸೋಮವಾರ ಸಂಜೆ ಮತ್ತೆ ರಾಸಾಯನಿಕ ಹಾಕಿಟ್ಟು ಮನೆಗೆ ಹೋಗಿ, ಇಫ್ತಾರ್ ಮುಗಿಸಿ, "ಈಗ ಮತ್ತೆಲ್ಲಿಗೆ?" ಎಂದು ಅಮ್ಮ ಕೇಳುತ್ತಿದ್ದಂತೆಯೇ ಆಟೋ ಹತ್ತಿ ಲ್ಯಾಬಿಗೆ ವಾಪಸಾದಳು. ಕರೆಂಟ್ ಬಂದಿತ್ತು. ಹೀಟರಿನ ಕೆಂಪು ದೀಪ ಆರಿತ್ತು. ಶೇಕರ್ ನಿಲ್ಲಿಸಿ, ತೊಳೆದ ಥರ್ಮಾಮೀಟರನ್ನು ಫ್ಲಾಸ್ಕಿನ ಸಾರಿಗೆ ಇಳಿಬಿಟ್ಟು, ಪಾದರಸ ನಿಲ್ಲುವವರೆಗೂ ಕಾದಳು.

ಏಳೂ ಐವತ್ತಕ್ಕೆ ಅದು ಇಪ್ಪತ್ತೆರಡೂವರೆ ಡಿಗ್ರಿ ಸೆಲ್ಸಿಯಸ್ ತೋರಿಸುತ್ತಿತ್ತು.