ಹಟಮಾರಿಯ ಪದಕ

"ಎಡಕ್ಕೆ ಹೊಡಿ! ಇನ್ನೂ ಹೊಡಿ! ಅಯ್ಯೋ, ಗೋಡೆ ನೋಡ್ಬೇಡ್ವೋ ಮಾರಾಯ, ನನ್ನ ನೋಡು!"

ಸಾವಿನ ಮನೆಯ ಮುಂದೆ ನಿಂತು ಹೀಗೆ ಗಂಟಲು ಹರಿದುಕೊಳ್ಳುತ್ತಿದ್ದವಳು ಸತ್ತವನ ಮಗಳೇ. ಸೈನ್ಯದ ಲಾರಿ ಓಣಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು, ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಹೊಗೆ ಕಾರುತ್ತ ನಿಂತಿತ್ತು. ಮಗಳದು ಕಾರು ಕಲಿಸುವ ಕೆಲಸ. ಅರ್ಧ ಊರು ಅವಳ ಕೈಲಿ ಬೈಸಿಕೊಂಡೇ ಲೈಸೆನ್ಸ್ ತೆಗೆದುಕೊಂಡದ್ದು. ಅಪ್ಪ ತೀರಿಕೊಂಡ ದಿನವಾದರೇನಂತೆ, ಕಣ್ಣೆದುರಿಗೇ ಒಂದು ಲಾರಿ ಗೋಡೆಗೆ ಮೈ ಉಜ್ಜುವುದನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಜಾಯಮಾನವಲ್ಲ.

"ಅಕ್ಕಾ, ನಂಗೂ ಲೈಸೆನ್ಸ್ ಇದೆ," ಎಂದ ಲಾರಿಯ ಸೈನಿಕ, ಬೆವರು ಒರೆಸಿಕೊಳ್ಳುತ್ತ.

"ಯಾವ ಪುಣ್ಯಾತ್ಮ ಕೊಟ್ಟನೋ, ಅವನ ವಿಳಾಸ ಕೊಡು. ಈಗ ಸ್ಟೇರಿಂಗ್ ಪೂರ್ತಿ ತಿರುಗ್ಸು. ಹ್ಞಾ! ನಿಧಾನಕ್ಕೆ ಬಿಡು."

ಲಾರಿ ಬಂದು ಬಾಗಿಲ ಮುಂದೆ ನಿಂತಿತು. ಬಂದೂಕು ಹಿಡಿದ ಸೈನಿಕರು ಇಳಿದರು, ಕಹಳೆಯವನು ಇಳಿದ, ಕಡೆಗೆ ಕಂಕುಳಲ್ಲಿ ಒಂದು ದಪ್ಪ ಕಡತ ಹಿಡಿದು ತರುಣ ಅಧಿಕಾರಿಯೊಬ್ಬ ಇಳಿದ. ಆ ಕಡತ ಕಂಡದ್ದೇ ತಡ, ಮಗಳು ಲಾರಿಯನ್ನು ಮರೆತಳು.

ಪದಕ ಪಡೆದವರು ತೀರಿಕೊಂಡರೆ ಸೈನ್ಯದಲ್ಲಿ ಒಂದು ಪದ್ಧತಿ. ಅಧಿಕಾರಿ ಬಂದು ಶವದ ಪಕ್ಕ ನಿಂತು, ಅವರ ಸೇವಾ ದಾಖಲೆಯನ್ನು ಎಲ್ಲರಿಗೂ ಕೇಳುವಂತೆ ಓದಬೇಕು. ಓದಿ ಸಹಿ ಹಾಕಿದರೆ ಮುಗಿಯಿತು, ಆಮೇಲೆ ಅದರಲ್ಲಿ ಒಂದಕ್ಷರವನ್ನೂ ಯಾರೂ ಮುಟ್ಟುವ ಹಾಗಿಲ್ಲ. ಅಪ್ಪನ ದಾಖಲೆಯಲ್ಲಿ ಒಂದು ಸುಳ್ಳಿತ್ತು. ಅದನ್ನು ತೆಗೆಸಬೇಕೆಂದು ಅವನು ಜೀವಮಾನವಿಡೀ ಬಡಿದಾಡಿದ್ದ. ಆಸ್ಪತ್ರೆಯ ಮಂಚದ ಮೇಲೂ ಅದೇ ಮಾತು. "ನನ್ನ ಮುಂದೆ ಆ ಸುಳ್ಳು ಓದಿಸ್ಬೇಡ ಮಗಳೇ. ಓದಿದ್ರೋ, ಎದ್ದು ಕೂತ್ಬಿಡ್ತೀನಿ. ಬಂದೋರೆಲ್ಲ ಚಪ್ಪಲಿ ಬಿಟ್ಟು ಓಡ್ಬೇಕಾಗುತ್ತೆ ನೋಡು." ಅವಳು ನಕ್ಕು, ಆಯ್ತಪ್ಪಾ ಅಂದಿದ್ದಳು. ಅಂದಾಗಿತ್ತು, ಈಗ ನಡೆಸಿಕೊಡಬೇಕಲ್ಲ!

ಅವಳು ಅಧಿಕಾರಿಯ ಹತ್ತಿರ ಹೋಗುವಷ್ಟರಲ್ಲಿ ಚಿಕ್ಕಪ್ಪ ಚಹಾದ ಲೋಟ ಹಿಡಿದು ಅಡ್ಡ ಬಂದಿದ್ದ. ಅಪ್ಪನ ಒಡಹುಟ್ಟಿದ ತಮ್ಮ, ಓಣಿಯ ತುದಿಯ ಸಲೂನಿನ ಯಜಮಾನ. ಅಣ್ಣನ ಪದಕದ ಸುದ್ದಿ ಅಚ್ಚಾದ ಪತ್ರಿಕೆಗೆ ಕಟ್ಟು ಹಾಕಿಸಿ ಕನ್ನಡಿಯ ಮೇಲೆ ತೂಗುಹಾಕಿಕೊಂಡಿದ್ದ. ಗಿರಾಕಿಯ ಕುತ್ತಿಗೆಗೆ ಕತ್ತಿ ಹಿಡಿದು ಆ ಕತೆ ಹೇಳುತ್ತಿದ್ದನಾದ್ದರಿಂದ, ಇಷ್ಟು ವರ್ಷ ಯಾರೂ ಎದುರು ಮಾತಾಡಿರಲಿಲ್ಲ.

"ಸಾರ್, ಆ ಹೆಗಲ ಮೇಲೆ ಹೊತ್ಕೊಂಡ ಭಾಗ ಬರುತ್ತಲ್ಲ, ಅದನ್ನ ಸ್ವಲ್ಪ ಗಟ್ಟಿಯಾಗಿ ಓದಿ. ಹಿಂದೆ ಕೂತೋರಿಗೂ ಕೇಳ್ಬೇಕು."

*

ಆ ಹೆಗಲಿನ ಕತೆಯನ್ನು ಅಮ್ಮ ಮಗಳಿಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

ಮದುವೆಗೆ ಮುಂಚೆ ಅಪ್ಪ ಯುದ್ಧಕ್ಕೆ ಹೋಗಿದ್ದ. ಅವನದು ಬಂದೂಕಿನ ಕೆಲಸವಲ್ಲ, ಹೇಸರಗತ್ತೆ ನಡೆಸುವ ಕೆಲಸ. ಗುಂಡಿನ ಪೆಟ್ಟಿಗೆ ಹೇರಿಕೊಂಡು ಗುಡ್ಡ ಹತ್ತಿಸುವುದು, ಗಾಯಾಳುಗಳನ್ನು ಹೇರಿಕೊಂಡು ಇಳಿಸುವುದು. ಅವನ ಪಾಲಿಗೆ ಬಂದ ಹೇಸರಗತ್ತೆ ಹೇಳಿದ ಮಾತು ಕೇಳಿದ್ದೇ ಇಲ್ಲ. ಅದಕ್ಕೇ ಅದಕ್ಕೆ 'ಹಟಮಾರಿ' ಅಂತಲೇ ಹೆಸರು. ಒಂದು ದಿನ ಗಾಯಗೊಂಡ ಕ್ಯಾಪ್ಟನ್ನನನ್ನು ಅದರ ಬೆನ್ನಿಗೆ ಬಿಗಿದು ಬರುವಾಗ ಸೇತುವೆ ಕೊಚ್ಚಿಹೋಗಿತ್ತು. ಹಿಂದೆ ಗುಂಡಿನ ಸುರಿಮಳೆ, ಮುಂದೆ ತುಂಬಿ ಹರಿಯುವ ಹೊಳೆ. ಅಪ್ಪನಿಗೋ ಈಜು ಬಾರದು. ಜೀವ ಬಾಯಿಗೆ ಬಂದು, ಹಿಂದಕ್ಕೇ ಹೋಗೋಣವೆಂದು ಹಗ್ಗ ಎಳೆದ. ಹಟಮಾರಿ ಮುಂದಕ್ಕೆ ಎಳೆಯಿತು. ಹಗ್ಗ ಕೈಯಿಂದ ಜಾರಿತು, ಅದು ನೀರಿಗಿಳಿದೇಬಿಟ್ಟಿತು. ಕಣ್ಣ ಮುಂದೆ ಹಾದುಹೋದದ್ದು ಬಾಲವೊಂದೇ. ಅಪ್ಪ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಕಣ್ಣು ಮುಚ್ಚಿದವನು, ಕಾಲಿಗೆ ಮರಳು ಸಿಕ್ಕಿದ ಮೇಲೇ ತೆರೆದದ್ದು.

ಆಚೆ ದಡದಲ್ಲಿ ಎಚ್ಚರವಾದಾಗ ಕ್ಯಾಪ್ಟನ್ನನಿಗೆ ಮೊದಲು ಕಂಡದ್ದು ಪಕ್ಕದಲ್ಲಿ ತೊಯ್ದು ತೊಪ್ಪೆಯಾಗಿ ಬಿದ್ದಿದ್ದ ಅಪ್ಪ. ನನ್ನನ್ನು ಹೆಗಲ ಮೇಲೆ ಹೊತ್ತು ದಾಟಿಸಿದ ಅಂತ ಬರೆಸಿಯೇಬಿಟ್ಟ. ಪದಕ ಬಂತು, ಪತ್ರಿಕೆಯಲ್ಲಿ ಚಿತ್ರ ಬಂತು. ಅದನ್ನು ನೋಡಿ ತಾತ ಅಮ್ಮನನ್ನು ಅವನಿಗೆ ಕೊಟ್ಟ.

ಮದುವೆಯಾದ ಹೊಸತರಲ್ಲಿ ಅಮ್ಮ ನಾಚುತ್ತ ಕೇಳಿದಳಂತೆ, "ಯಾವ ಹೆಗಲು? ಎಡದ್ದೋ ಬಲದ್ದೋ?"

ಅಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡರೂ ನಗು ನಿಲ್ಲದೆ, ಅತ್ತೆ ಬಂದು ಬಾಗಿಲು ಬಡಿದರಂತೆ. "ಅಷ್ಟು ನಕ್ಕಿದ್ದು ಅದೇ ಮೊದಲು ಕಣೆ. ಇಷ್ಟು ನಗಿಸೋನ ಜೊತೆ ಬಾಳ್ವೆ ಮಾಡ್ಬಹುದು ಅನ್ನಿಸ್ತು," ಅನ್ನುತ್ತಿದ್ದಳು.

ಅಪ್ಪ ಮಾತ್ರ ಅಷ್ಟಕ್ಕೆ ಬಿಡಲಿಲ್ಲ. ದಾಖಲೆ ತಿದ್ದಿ, ಪದಕ ಹಟಮಾರಿಯ ಹೆಸರಿಗೆ ಮಾಡಿ ಅಂತ ಕಚೇರಿಗೆ ಬರೆದ. ಪ್ರಾಣಿಗಳ ವಿಚಾರ ಪ್ರಾಣಿ ವಿಭಾಗಕ್ಕೆ ಬರೆಯಿರಿ ಅಂದರು. ಅಲ್ಲಿಗೆ ಬರೆದರೆ, ಪದಕಗಳ ವಿಚಾರ ಮನುಷ್ಯರ ವಿಭಾಗಕ್ಕೆ ಬರೆಯಿರಿ ಅಂದರು. ಇಬ್ಬರ ನಡುವೆ ಅಪ್ಪ ನೇಯ್ಗೆಯ ಲಾಳಿಯ ಹಾಗೆ ಓಡಾಡಿದ. ಮಗಳು ಟೈಪಿಂಗ್ ಕಲಿತ ಮೇಲೆ ಅರ್ಜಿಗಳು ಅವಳ ಕೈಗೆ ಬಂದವು.

"ಯಾಕಪ್ಪಾ ಇಷ್ಟು ಒದ್ದಾಟ? ಕೊಟ್ಟಿದ್ದಾರೆ, ಇಟ್ಕೋಬಾರ್ದಾ?" ಅಂತ ಅವಳೊಮ್ಮೆ ರೇಗಿದ್ದುಂಟು.

ತಮಾಷೆಯ ಮನುಷ್ಯ ಅವತ್ತು ತಮಾಷೆ ಮಾಡಲಿಲ್ಲ. "ಹಟಮಾರಿಗೆ ಮಕ್ಕಳಿಲ್ಲ ಮರಿಯಿಲ್ಲ, ಎಲ್ಲಿ ಹೂತರೋ ಗೊತ್ತಿಲ್ಲ. ಬದುಕಿದ್ದಾಗ ಅವಳು ಮಾಡಿದ್ದು ಅದೊಂದು. ಅದೂ ನಂದು ಅಂದ್ರೆ, ಅವಳು ಇದ್ಲು ಅನ್ನೋದಕ್ಕೇ ಗುರುತಿಲ್ದಂಗೆ ಆಗೋಗುತ್ತಲ್ಲ ಮಗಳೇ."

*

"ಈ ಕಡತ ನಂಗೆ ಗೊತ್ತು ಮೇಡಂ," ಎಂದ ಅಧಿಕಾರಿ. ಮಗಳು ಅವನನ್ನು ಅಡುಗೆಮನೆಯ ಬಾಗಿಲ ಹತ್ತಿರ ಕರೆದು ನಿಲ್ಲಿಸಿಕೊಂಡಿದ್ದಳು. "ನಮ್ಮ ಕಚೇರಿಗೆ ಯಾರೇ ಹೊಸಬ್ರು ಬರಲಿ, ಮೊದಲ ದಿನ ಇದನ್ನೇ ಓದೋಕೆ ಕೊಡ್ತಾರೆ. ನಾನೂ ಬಿದ್ದು ಬಿದ್ದು ನಕ್ಕಿದ್ದೆ. ಆದ್ರೆ ಅಚ್ಚಾಗಿರೋದು ಬಿಟ್ಟು ಬೇರೆ ಓದೋ ಹಾಗಿಲ್ಲ."

"ಅದು ಸುಳ್ಳು ಅಂತ ಅಪ್ಪನೇ ಬರೆದು ಕೊಟ್ಟಿದ್ದಾರಲ್ಲ ಸಾರ್!"

"ತನ್ನ ಪದಕದ ಬಗ್ಗೆ ತಾನೇ ಸಾಕ್ಷಿ ಹೇಳಿದ್ರೆ ನಡೆಯಲ್ಲ." ಅಧಿಕಾರಿ ದನಿ ತಗ್ಗಿಸಿದ. "ಆದ್ರೆ ಒಂದು ದಾರಿ ಇದೆ. ಓದೋಕೆ ಮುಂಚೆ ಹೆಂಡತಿಯನ್ನ ಕೇಳ್ಬೇಕು, ಇದರಲ್ಲಿ ತಪ್ಪಿದ್ರೆ ಹೇಳಿ ಅಂತ. ಸಾಮಾನ್ಯವಾಗಿ ಹುಟ್ಟಿದ ದಿನಾಂಕ ತಿದ್ದಿಸ್ತಾರೆ. ಅವರು ಏನು ತಿದ್ದಿಸಿದ್ರೂ ನಾನು ಬರ್ಕೊಂಡು, ಓದಿ, ಸಹಿ ಹಾಕ್ಲೇಬೇಕು. ಆದ್ರೆ ಅವರೇ ಹೇಳ್ಬೇಕು. ನೀವು ಬಾಯಿ ಹಾಕೋ ಹಾಗಿಲ್ಲ."

ಬಾಯಿ ಹಾಕದಿರುವುದು! ಇವಳ ಕೈಲಾದೀತೇ! ಮಗಳು ತುಟಿ ಕಚ್ಚಿಕೊಂಡು ಅಂಗಳಕ್ಕೆ ಬಂದಳು. ಅಮ್ಮ ಬೆಳಗಿನಿಂದ ಒಂದೂ ಮಾತಾಡದೆ ಅಪ್ಪನ ಶವಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಳು. ಬಂದವರು ಕೈ ಹಿಡಿದರೆ ಹಿಡಿಸಿಕೊಳ್ಳುತ್ತಿದ್ದಳು, ಅಷ್ಟೇ.

ಅಧಿಕಾರಿ ಅಮ್ಮನನ್ನು ಆ ಪ್ರಶ್ನೆ ಕೇಳಿದ್ದೇ ಚಿಕ್ಕಪ್ಪನಿಗೆ ಸುಳಿವು ಹತ್ತಿತು. ಓಡಿ ಬಂದು ಅಮ್ಮನ ಕುರ್ಚಿಯ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಅತ್ತಿಗೆ, ಊರಿಗೆ ಊರೇ ಬಂದು ಕೂತಿದೆ. ಇವತ್ತೊಂದು ದಿನ ಅಣ್ಣ ದೊಡ್ಡೋನಾಗೇ ಹೋಗ್ಲಿ. ಕತ್ತೆ ಬಾಲ ಹಿಡ್ಕೊಂಡಿದ್ದ ಅಂತ ಓದಿಸ್ತೀರಾ? ನಗ್ತಾರೆ ಅತ್ತಿಗೆ." ಅವನು ಅಂಗಿಯ ತೋಳಿನಿಂದ ಮೂಗೊರೆಸಿಕೊಂಡ. "ಅವನು ಹೆಗಲ ಮೇಲೆ ಹೊತ್ಕೊಂಡು ಬಂದ ಅಂತಾನೇ ನಾನು ಸಣ್ಣೋನಿದ್ದಾಗ ಎದೆ ಉಬ್ಬಿಸ್ಕೊಂಡು ಓಡಾಡಿದ್ದು."

ಮಗಳಿಗೆ ಚಿಕ್ಕಪ್ಪನ ಮೇಲಿದ್ದ ಸಿಟ್ಟು ಅರ್ಧ ಇಳಿದುಹೋಯಿತು. ಅಯ್ಯೋ ಪಾಪ ಅನ್ನಿಸಿತು. ಆದರೆ ಅಪ್ಪನಿಗೆ ಕೊಟ್ಟ ಮಾತು? ಅಮ್ಮ ಈಗ ಅವನ ಮಾತಿಗೆ ಹೂಂ ಅಂದುಬಿಟ್ಟರೆ ಎಲ್ಲ ಮುಗಿಯಿತು.

ಅಮ್ಮ ಮೈದುನನ ತಲೆ ಸವರಿದಳು. "ನಗ್ಲಿ ಬಿಡಯ್ಯ. ಅವರಿದ್ದಾಗ ಈ ಮನೆಗೆ ಬಂದೋರು ಯಾವತ್ತು ನಗದೆ ಎದ್ದು ಹೋಗಿದ್ರು? ಇವತ್ತು ಹಾಗೆ ಕಳಿಸಿದ್ರೆ ಅವರಿಗೆ ಅವಮಾನ." ಆಮೇಲೆ ಅಧಿಕಾರಿಯ ಕಡೆ ತಿರುಗಿದಳು. "ತಪ್ಪಿದೆ. ಬರ್ಕೋಪ್ಪಾ."

ಅಧಿಕಾರಿ ಪೆನ್ನು ತೆಗೆದ. "ಪ್ರಾಣಿಯ ಹೆಸರು?"

"ಹಟಮಾರಿ."

"ಅದು ಗುಣ ಅಲ್ವಾ ಅಮ್ಮ?"

"ಆ ಗುಣ ಇಲ್ದೇ ಇದ್ದಿದ್ರೆ ನಾನು ಇವರನ್ನ ನೋಡ್ತಾನೇ ಇರ್ಲಿಲ್ಲ. ಬರಿ."

"ಹೆಗಲ ಮೇಲೆ ಹೊರಲಿಲ್ಲ ಅನ್ನೋದು ನಿಮಗೆ ಹೇಗೆ ಗೊತ್ತು? ಕೇಳ್ಬೇಕು, ನಿಯಮ."

"ಒಂದು ಬಿಂದಿಗೆ ನೀರು ಎತ್ತಿದ್ರೆ ಸೊಂಟ ಹಿಡ್ಕೊಂತಿದ್ರು. ಮೊಣಕಾಲುದ್ದ ನೀರು ಕಂಡ್ರೆ ಕಣ್ಣು ಮುಚ್ಕೊಂತಿದ್ರು. ಅಷ್ಟು ವರ್ಷ ಸಂಸಾರ ಮಾಡಿದೋಳಿಗೆ ಗೊತ್ತಾಗಲ್ವೇನಪ್ಪಾ?"

ಮಗಳು ಬಾಯಿ ಹಾಕಲಿಲ್ಲ. ಅವಳ ಕಣ್ಣಿಂದ ನೀರು ಮಾತ್ರ ತನ್ನಷ್ಟಕ್ಕೆ ಇಳಿಯಿತು.

ಸೈನಿಕರು ಸಾಲಾಗಿ ನಿಂತರು. ಅಧಿಕಾರಿ ಕವಾಯತಿನ ದನಿಯಲ್ಲಿ ಓದಿದ. ಸೇರಿದ ವರ್ಷ, ಕೆಲಸ, ಕವಾಯತಿನಲ್ಲಿ ಸಾಧಾರಣ, ಪ್ರಾಣಿಗಳ ಆರೈಕೆಯಲ್ಲಿ ಅತ್ಯುತ್ತಮ. ಆಮೇಲೆ ಉಸಿರು ಎಳೆದುಕೊಂಡು, "ಸದರಿ ನದಿಯನ್ನು ದಾಟಿಸಿದ ಶೌರ್ಯವು ಹಟಮಾರಿ ಎಂಬ ಹೇಸರಗತ್ತೆಗೆ ಸೇರಿದ್ದು. ಹಿಂದಿರುಗಲು ಕೊಟ್ಟ ಆಜ್ಞೆಯನ್ನು ಅದು ಧಿಕ್ಕರಿಸಿತು. ಸದರಿ ಸೈನಿಕರು ಅದರ ಬಾಲವನ್ನು ಕೊನೆಯವರೆಗೂ ಬಿಡಲಿಲ್ಲ."

ಹಿಂದಿನ ಕುರ್ಚಿಯಲ್ಲಿ ಯಾರೋ ಕಿಸಕ್ಕೆಂದರು. ಅದು ಸಾಲಿನಿಂದ ಸಾಲಿಗೆ ಹರಡಿತು. ಕಹಳೆಯವನು ಎರಡು ಸಲ ತುಟಿಗಿಟ್ಟರೂ ಊದಲಾಗದೆ ಕೆಳಗಿಳಿಸಿದ. ಅಮ್ಮ ಬಾಯಿಗೆ ಸೆರಗು ತುರುಕಿಕೊಂಡು, ಅಳುತ್ತಲೂ ನಗುತ್ತಲೂ ಇದ್ದಳು. ಅಧಿಕಾರಿ ಸಹಿ ಹಾಕಿ, ಕಡತ ಮುಚ್ಚಿ, ಎರಡು ಸಲ ಸೆಲ್ಯೂಟ್ ಹೊಡೆದ. ಎರಡನೆಯದು ಯಾರಿಗೆಂದು ಯಾರೂ ಕೇಳಲಿಲ್ಲ.

ಚಿಕ್ಕಪ್ಪನೊಬ್ಬ ಮುಖ ಊದಿಸಿಕೊಂಡು ಗೇಟಿನ ಹತ್ತಿರ ಹೋಗಿ ನಿಂತಿದ್ದ.

ಪೆಟ್ಟಿಗೆಯನ್ನು ಲಾರಿಗೆ ಏರಿಸುವ ಹೊತ್ತಿಗೆ ಹಾಲಿನವನು ತಡವಾಗಿ ಓಡುತ್ತ ಬಂದ. ಜನ ಕಣ್ಣೊರೆಸಿಕೊಂಡು ನಗುತ್ತಿರುವುದನ್ನು ನೋಡಿ ಗಾಬರಿಯಾಗಿ ಚಿಕ್ಕಪ್ಪನನ್ನೇ ಕೇಳಿದ. "ಏನಣ್ಣಾ ಇದು? ಅಂಥಾ ಶೂರ ಹೋಗಿದ್ದಾನೆ, ಇವರೆಲ್ಲ ಹಲ್ಲು ಬಿಡ್ತಿದ್ದಾರೆ!"

ಚಿಕ್ಕಪ್ಪ ಅವನನ್ನು ನೋಡಿದ, ಲಾರಿಯನ್ನು ನೋಡಿದ, ಕೇಳಲು ಕತ್ತು ಚಾಚಿದ ಓಣಿಯ ಮಂದಿಯನ್ನು ನೋಡಿದ. ಕತೆ ಹೇಳದೆ ಒಂದು ದಿನವೂ ಕಳೆದವನಲ್ಲ.

"ಹೆಗಲೂ ಇಲ್ಲ ಗಿಗಲೂ ಇಲ್ಲ ಕಣೋ," ಎಂದ. "ನಡೆದದ್ದು ಏನು ಅಂತ ನನ್ನ ಕೇಳು. ಸರೀರಿ, ಜಾಗ ಬಿಡಿ. ಇದು ಹೊಳೆ ಅಂದ್ಕೊಳ್ಳಿ."

ಲಾರಿಯ ಮುಂದೆ, ಧೂಳು ತುಂಬಿದ ಓಣಿಯ ನಟ್ಟನಡುವೆ, ಚಿಕ್ಕಪ್ಪ ಪ್ಯಾಂಟನ್ನು ಮೊಣಕಾಲಿಗೆ ಎತ್ತಿಕೊಂಡ. ಕಣ್ಣು ಬಿಗಿಯಾಗಿ ಮುಚ್ಚಿ, ಎರಡೂ ಮುಷ್ಟಿಯನ್ನು ಮುಂದಕ್ಕೆ ಚಾಚಿ, ಮುಗ್ಗರಿಸುತ್ತ, ಒಂದೊಂದೇ ಹೆಜ್ಜೆ ಎತ್ತಿಡತೊಡಗಿದ. ಲಾರಿಯ ಸೈನಿಕ ಹಾರನ್ನಿಗೆ ಕೈ ಹಾಕಿದ.

ಮಗಳು ಅಂಗೈ ಎತ್ತಿ ಅವನನ್ನು ತಡೆದಳು.

"ಇರು. ಆಚೆ ದಡ ಮುಟ್ಲಿ."