ಮಾವನನ್ನು ಕರೆದದ್ದು

ಬಾವಿಕಟ್ಟೆಯ ಮೇಲೆ ಕೊಡ ಇಟ್ಟಾಗ ಮಾಳಮ್ಮನಿಗೆ ಫಕ್ಕನೆ ನೆನಪಾಯಿತು. ಸ್ಲ್ಯಾಬಿನ ತೂತಿನ ಮೇಲೆ ಗೋಣಿತಟ್ಟು ಹಾಸಿ ಬಂದಿದ್ದಳು, ಯಾರಿಗೂ ಹೇಳಿರಲಿಲ್ಲ.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ವರ್ಷ ವಾಡಿಯ ಹತ್ತಿರ ಗೋದಾಮೊಂದು ಏಳುತ್ತಿತ್ತು. ಹೊಸ ಸ್ಲ್ಯಾಬು ಒಣಗದಂತೆ ಗೋಣಿತಟ್ಟು ಹಾಸಿ ನೀರು ಹನಿಸುವುದು ಅವಳ ಕೆಲಸ. ಬೆಳಕಿಗೆಂದು ನಡುವೆ ಬಿಟ್ಟ ತೂತಿನಿಂದ ನೀರು ಸೋರಿ, ಕೆಳಗೆ ರೊಟ್ಟಿ ಬಿಚ್ಚಿ ಕೂತವರ ಮೇಲೆ ಬೀಳುತ್ತಿತ್ತು. ಅವರ ಬೈಗುಳ ಕೇಳಲಾರದೆ ಒಂದು ತಟ್ಟನ್ನು ಅದರ ಮೇಲೂ ಎಳೆದಿದ್ದಳು. ಅವಳ ಊರು ಐನಾಪುರದ ಮನೆಯಲ್ಲಿ ಮಳೆ ಬಂದರೆ ಮಾಳಿಗೆಯ ಬೆಳಕಿಂಡಿ ಮುಚ್ಚುತ್ತಿದ್ದದ್ದೂ ಹೀಗೇ. ಆದರೆ ಅಲ್ಲಿ ತಟ್ಟಿನ ಕೆಳಗೆ ದಪ್ಪನೆಯ ಶಾಬಾದಿ ಕಲ್ಲು ಇರುತ್ತಿತ್ತು. ಇಲ್ಲಿ ಬರೀ ಗಾಳಿ. ಸುತ್ತ ಒಂದು ಬಿದಿರು ಅಡ್ಡ ಕಟ್ಟಿಸಲು ಗುತ್ತೇದಾರ ಪುಣ್ಯಾತ್ಮನಿಗೆ ಪುರುಸೊತ್ತಿರಲಿಲ್ಲ.

ಓಡಿದಳು. ಹಲಗೆ ಹತ್ತಿ ಮೇಲೆ ಬಂದರೆ, ಅವಳ ಮಾವ ಮೇಸ್ತ್ರಿ ಸಾಯಬಣ್ಣ, ಅಳತೆಗೆಂದು ಮೂಲೆಗೆ ದಾರ ಕಟ್ಟಿ ಅದನ್ನು ಬಿಡುತ್ತ ಹಿಂದಹಿಂದಕ್ಕೆ ನಡೆಯುತ್ತಿದ್ದಾನೆ, ತೂತಿನ ಕಡೆಗೇ.

ಕೈ ತಾನಾಗಿ ಸೆರಗನ್ನು ತಲೆಗೆಳೆಯಿತು. ಮದುವೆಯಾದಂದಿನಿಂದ ಮಾವನೊಂದಿಗೆ ಮಾತಾಡಿದವಳಲ್ಲ, ಏನಿದ್ದರೂ ಮತ್ತೊಬ್ಬರಿಂದ ಹೇಳಿಸಿದವಳು. ಸ್ಲ್ಯಾಬಿನ ಅಂಚಿಗೆ ಹೋಗಿ, ಕೆಳಗೆ ಗಾರೆ ಕಲಸುತ್ತಿದ್ದ ಧರ್ಮಣ್ಣನನ್ನು ಮೆಲ್ಲಗೆ ಕರೆದಳು. ಮಾವನಿಗೆ ದನಿ ಕೇಳಬಾರದಲ್ಲ.

"ಅಣ್ಣಾ, ಮಾವಗ ನಿಂದ್ರು ಅಂತ ಹೇಳು, ಲಗೂನ."

"ಏನಂದಿ ತಂಗಿ? ಕೇಳಸವಲ್ದು."

ತಿರುಗಿ ನೋಡಿದಳು. ಮಾವನ ಹಿಮ್ಮಡಿ ತಟ್ಟಿನ ಅಂಚಿಗೆ ಬಂದಿತ್ತು. ‘ಮಾವಾ’ ಎಂದು ಕೂಗಿದರೆ, ಎಂದೂ ಕೇಳದ ಆ ದನಿಗೆ ಅವನು ನಿಲ್ಲುತ್ತಾನೋ ಇಲ್ಲವೋ. ಊರೆಲ್ಲ ಕರೆಯುವ ಹೆಸರೇ ಬಾಯಿಗೆ ಬಂತು.

"ಸಾಯಬಣ್ಣಾ, ನಿಂದ್ರು."

ಅವನು ಬೆಚ್ಚಿ ನಿಂತ. ಹಿಮ್ಮಡಿ ತಗಲಿದ ತಟ್ಟು ಒಳಗೆ ಜಾರಿ, ದೂರ ಕೆಳಗೆ ನೆಲಕ್ಕೆ ಬಡಿದ ಸದ್ದು ಕೇಳಿಸಿತು. ತೂತಿನೊಳಗೆ ಇಣುಕಿದ ಸಾಯಬಣ್ಣ ಅಲ್ಲೇ ಕುಸಿದು ಕೂತ.

"ಇದನ್ನ ಯಾರ್ ಹಾಸ್ಯಾರ?"

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಾನೇ ಹಾಸೀನ್ರಿ."

"ಕರ್ದಾಕಿ?"

"ನಾನೇರಿ."

"ಯಾವಾಗ ಬಂದಿ ಮ್ಯಾಲ?"

"ನೀವು ಅಲ್ಲಿ, ಆ ಮೂಲ್ಯಾಗ ಇದ್ದಾಗರಿ."

ಸಾಯಬಣ್ಣ ಆ ಮೂಲೆಯನ್ನು ನೋಡಿದ, ಅಲ್ಲಿಂದ ತೂತಿನವರೆಗಿನ ದೂರವನ್ನು ನೋಡಿದ. ದನಿಯಲ್ಲಿ ಸಿಟ್ಟಿರಲಿಲ್ಲ.

"ಮತ್ತ ಅಷ್ಟೊತ್ತು ಯಾಕ ಸುಮ್ಮನಿದ್ದಿ, ಮಗಳ?"

ಮರ್ಯಾದೆಗೆ ಎಂದು ಹೇಳಲು ಮಾಳಮ್ಮನಿಗೆ ನಾಚಿಕೆಯಾಯಿತು.